ಟರ್ಬೋ ಎಂಜಿನ್‌ಗೆ ಎಷ್ಟು ದೊಡ್ಡ ವೇಸ್ಟ್‌ಗೇಟ್ ಬೇಕು?

ಟರ್ಬೋಚಾರ್ಜರ್ ಅಳವಡಿಸಿದ ಎಂಜಿನ್ ಹೆಚ್ಚು ಶಕ್ತಿ ನೀಡುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಆ ಶಕ್ತಿಯನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟ್ ಎಂಬ ಪುಟ್ಟ ಕವಾಟದ ಬಗ್ಗೆ ಬಲ್ಲವರು ಕಡಿಮೆ. ಇದರ ಗಾತ್ರ ತಪ್ಪಿದರೆ ಎಂಜಿನ್ನೇ ಹಾಳಾಗಬಹುದು. ಬೂಸ್ಟ್ ಹೆಚ್ಚಿದಷ್ಟೂ ದೊಡ್ಡ ಗೇಟ್ ಬೇಕು ಎಂಬುದು ಹಲವರ ಎಣಿಕೆ. ವಾಸ್ತವ ಇದಕ್ಕೆ ವಿರುದ್ಧವಾಗಿದೆ.

ಏನಿದು ವೇಸ್ಟ್‌ಗೇಟ್?

ಎಂಜಿನ್‌ನಿಂದ ಹೊರಬೀಳುವ ಬಿಸಿ ಅನಿಲವು ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಮತ್ತೊಂದು ತುದಿಯಲ್ಲಿರುವ ಕಂಪ್ರೆಸರ್ ಗಾಳಿಯನ್ನು ಒತ್ತಿ ಸಿಲಿಂಡರ್‌ಗಳಿಗೆ ತುಂಬುತ್ತದೆ. ಈ ಹೆಚ್ಚುವರಿ ಒತ್ತಡವೇ ಬೂಸ್ಟ್. ಅದು ನಿಗದಿತ ಮಟ್ಟ ಮುಟ್ಟಿದಾಗ ವೇಸ್ಟ್‌ಗೇಟ್ ತೆರೆದುಕೊಂಡು, ಅನಿಲದ ಒಂದು ಪಾಲನ್ನು ಟರ್ಬೈನ್‌ಗೆ ತಾಗಿಸದೆ ನೇರವಾಗಿ ಹೊಗೆಕೊಳವೆಗೆ ಸಾಗಿಸುತ್ತದೆ. 1962ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿಯೇ ಈ ವ್ಯವಸ್ಥೆ ಇತ್ತು.

ಜಲಾಶಯದ ಲೆಕ್ಕ

ಇದನ್ನು ಅಣೆಕಟ್ಟೆಯ ಕ್ರೆಸ್ಟ್ ಗೇಟ್‌ಗೆ ಹೋಲಿಸಬಹುದು. ಒಳಹರಿವು ಹೆಚ್ಚಿರುವಾಗ ನೀರಿನ ಮಟ್ಟವನ್ನು ತಗ್ಗಿನಲ್ಲಿಯೇ ಹಿಡಿದಿಡಬೇಕಾದರೆ ಹೊರಹರಿವೂ ಹೆಚ್ಚಿರಬೇಕು. ಟರ್ಬೋ ವಿಷಯದಲ್ಲೂ ಅಷ್ಟೇ. ಒಂದೇ ಎಂಜಿನ್, ಒಂದೇ ಟರ್ಬೋ ಇದ್ದಾಗ 0.5 ಬಾರ್ ಬೂಸ್ಟ್ ಸಾಕೆನಿಸಿದರೆ ಅನಿಲದ ದೊಡ್ಡ ಪಾಲನ್ನು ಬದಿಯಿಂದ ಬಿಟ್ಟುಕೊಡಬೇಕು. ದೊಡ್ಡ ಗೇಟ್ ಬೇಕು. 1.5 ಬಾರ್ ಬೇಕಾದರೆ ಹೆಚ್ಚಿನ ಅನಿಲ ಟರ್ಬೈನ್ ಮೂಲಕವೇ ಹೋಗುವುದರಿಂದ ಚಿಕ್ಕ ಗೇಟ್ ಸಾಕಾಗುತ್ತದೆ.

ಬೂಸ್ಟ್ ಮಟ್ಟದ ಜೊತೆಗೆ ಇನ್ನೂ ಮೂರು ಅಂಶಗಳನ್ನು ಗಮನಿಸಬೇಕು. ಎಂಜಿನ್ ದೊಡ್ಡದಾದಷ್ಟೂ ಅನಿಲದ ಪ್ರಮಾಣ ಹೆಚ್ಚುತ್ತದೆ. ದೊಡ್ಡ ಎಂಜಿನ್‌ಗೆ ಚಿಕ್ಕ ಟರ್ಬೈನ್ ಜೋಡಿಸಿದರೆ ಬಿಟ್ಟುಕೊಡಬೇಕಾದ ಪಾಲೂ ಹೆಚ್ಚು. ಮೂರನೆಯದು ಗೇಟ್ ಇರುವ ಸ್ಥಳ. ಅನಿಲದ ಹರಿವಿನ ದಿಕ್ಕಿಗೆ ಹೊಂದಿಕೊಳ್ಳದೆ ಕಡಿದಾದ ತಿರುವಿನಲ್ಲಿ ಕೂರಿಸಿದ ದೊಡ್ಡ ಗೇಟ್ ಕೂಡ ಚಿಕ್ಕದರಂತೆಯೇ ವರ್ತಿಸುತ್ತದೆ.

ಅಳತೆ ಏನು ಹೇಳುತ್ತದೆ?

ಟರ್ಬೋಗೆ ಹೊರಗಿನಿಂದ ಜೋಡಿಸುವ ಗೇಟ್‌ಗಳನ್ನು ಕವಾಟದ ವ್ಯಾಸದಿಂದ ಗುರುತಿಸಲಾಗುತ್ತದೆ. 38, 44 ಹಾಗೂ 60 ಮಿ.ಮೀ. ಸಾಮಾನ್ಯ ಅಳತೆಗಳು. ವ್ಯಾಸದ ಅಂತರ ಸಣ್ಣದೆನಿಸಿದರೂ ಕವಾಟದ ವಿಸ್ತೀರ್ಣದ ಅಂತರ ದೊಡ್ಡದು. 38 ಮಿ.ಮೀ.ನದು ಸುಮಾರು 1,134 ಚದರ ಮಿ.ಮೀ.; 44ರದು 1,520; 60ರದು 2,827. ಅಂದರೆ 44 ಮಿ.ಮೀ.ನ ಎರಡು ಗೇಟ್‌ಗಳು ಸೇರಿದರೆ 60ರ ಒಂದು ಗೇಟನ್ನು ಮೀರಿಸುತ್ತವೆ.

ಗಾತ್ರ ತಪ್ಪಿದರೆ?

ಗೇಟ್ ಚಿಕ್ಕದಾದರೆ ಅದು ಪೂರ್ತಿ ತೆರೆದಿದ್ದರೂ ಎಂಜಿನ್ ವೇಗದೊಂದಿಗೆ ಬೂಸ್ಟ್ ಏರುತ್ತಲೇ ಹೋಗುತ್ತದೆ. ಇದನ್ನು ಬೂಸ್ಟ್ ಕ್ರೀಪ್ ಎನ್ನುತ್ತಾರೆ. ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನ ಮಿಶ್ರಣ ಅಕಾಲದಲ್ಲಿ ಹೊತ್ತಿಕೊಂಡು ಪಿಸ್ಟನ್, ಹೆಡ್ ಗ್ಯಾಸ್ಕೆಟ್‌ಗಳಿಗೆ ಹಾನಿಯಾಗಬಹುದು. ಗೇಟ್ ತೀರಾ ದೊಡ್ಡದಾದರೆ ಅಲ್ಪ ತೆರೆದರೂ ಅನಿಲ ಹೆಚ್ಚು ಸೋರುವುದರಿಂದ ಬೂಸ್ಟನ್ನು ಸ್ಥಿರವಾಗಿ ಹಿಡಿಯುವುದು ಕಷ್ಟ. ಬೆಲೆ ಹೆಚ್ಚು, ಜಾಗವೂ ಹೆಚ್ಚು ಬೇಕು.

ಸ್ಪ್ರಿಂಗ್ ಬೇರೆ, ಗಾತ್ರ ಬೇರೆ

ಗೇಟ್ ಯಾವಾಗ ತೆರೆಯಬೇಕೆಂಬುದನ್ನು ಅದರೊಳಗಿನ ಸ್ಪ್ರಿಂಗ್ ನಿರ್ಧರಿಸುತ್ತದೆ. ತೆರೆದ ಮೇಲೆ ಎಷ್ಟು ಅನಿಲ ಹೋಗಬಲ್ಲದು ಎಂಬುದನ್ನು ಗಾತ್ರ ನಿರ್ಧರಿಸುತ್ತದೆ. ಆದ್ದರಿಂದ ಬೂಸ್ಟ್ ಕ್ರೀಪ್ ಇದ್ದಾಗ ಮೆತ್ತನೆಯ ಸ್ಪ್ರಿಂಗ್ ಹಾಕಿದರೆ ಪ್ರಯೋಜನವಿಲ್ಲ.

ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಇರುವ ಕಾರಿನಲ್ಲಿ ತಯಾರಕರು ಈ ಲೆಕ್ಕವನ್ನೆಲ್ಲ ಮೊದಲೇ ಮಾಡಿರುತ್ತಾರೆ. ಆದರೆ ಸೈಲೆನ್ಸರ್ ಕೊಳವೆಯನ್ನು ಅಗಲವಾದುದಕ್ಕೆ ಬದಲಿಸಿದರೂ ಟರ್ಬೈನ್ ಮೂಲಕ ಹರಿವು ಸರಾಗವಾಗಿ, ಮೂಲ ಗೇಟ್ ಸಾಲದಾಗಬಹುದು. ಬದಲಾವಣೆಯ ಬಳಿಕ ಬೂಸ್ಟ್ ಮಾಪಕದ ಮುಳ್ಳು ನಿಗದಿತ ಮಟ್ಟದಲ್ಲೇ ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದು ಒಳಿತು. ನಿಲ್ಲದಿದ್ದರೆ ಗೇಟ್ ದೊಡ್ಡದಾಗಬೇಕು, ಇಲ್ಲವೇ ಅದರ ಸ್ಥಳ ಬದಲಾಗಬೇಕು.