ಉನ್ನತ ಶಿಕ್ಷಣದಲ್ಲಿ ಇಂಗ್ಲಿಷ್ ಬರವಣಿಗೆಯ ನೆರವು

ಇಂಗ್ಲಿಷ್ ಮನೆಮಾತಲ್ಲದ ವಿದ್ಯಾರ್ಥಿಗಳು ಪ್ರಬಂಧ, ಪ್ರಯೋಗ ವರದಿ, ಪರೀಕ್ಷೆಯ ಉತ್ತರಗಳನ್ನು ಆ ಭಾಷೆಯಲ್ಲಿ ಬರೆಯಲೆಂದು ಕಾಲೇಜು, ವಿಶ್ವವಿದ್ಯಾಲಯಗಳು ಏರ್ಪಡಿಸುವ ವಿಶೇಷ ತರಗತಿ ಮತ್ತು ಸಲಹೆಯ ವ್ಯವಸ್ಥೆ. ಕರ್ನಾಟಕದಲ್ಲಿ ಇದರ ಚರಿತ್ರೆ ಬಹುಪಾಲು ವ್ಯಾಕರಣ ತಿದ್ದಿದ ಚರಿತ್ರೆ. ವಾದ ಕಟ್ಟುವುದನ್ನು ಕಲಿಸುವ ಕೆಲಸ ಹಿಂದೆಯೇ ಉಳಿಯಿತು. ಉನ್ನತ ಶಿಕ್ಷಣ ಇಂಗ್ಲಿಷಿಗೆ ಎಷ್ಟು ಕಟ್ಟುಬಿದ್ದಿತ್ತು ಎಂಬುದಕ್ಕೆ ಇಂದಿನ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ಸೀಮೆಯನ್ನೇ ನೋಡಬಹುದು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನೆರೆಯ ಯಳಂದೂರು ಮೈಸೂರಿನದು. ಒಂದು ಕಡೆಗೆ 1857ರ ಮದರಾಸು ವಿಶ್ವವಿದ್ಯಾಲಯ, ಇನ್ನೊಂದು ಕಡೆಗೆ 1916ರ ಮೈಸೂರು ವಿಶ್ವವಿದ್ಯಾಲಯ. ಆಡಳಿತ ಬೇರೆಯಾದರೂ ಎರಡೂ ಕಡೆ ಉನ್ನತ ಶಿಕ್ಷಣದ ಬಾಗಿಲು ಇಂಗ್ಲಿಷೇ ಆಗಿತ್ತು.

ಕುವೆಂಪು ಉಪಕುಲಪತಿಯಾಗಿದ್ದ ಕಾಲದಿಂದ (1956–60) ಮೈಸೂರಿನಲ್ಲಿ ಕನ್ನಡ ಮಾಧ್ಯಮದ ಪ್ರಯತ್ನ ಬಲಗೊಂಡಿತು. ಇಂಗ್ಲಿಷ್ ಅಧ್ಯಾಪಕರ ತರಬೇತಿಗೆ 1958ರಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿದವು. ಕೊಠಾರಿ ಆಯೋಗ (1964–66) ಇಂಗ್ಲಿಷನ್ನು ಗ್ರಂಥಾಲಯ ಭಾಷೆಯೆಂದು ಕರೆದು ಓದುವ ಶಕ್ತಿಗೆ ಒತ್ತು ಕೊಟ್ಟಿತು. ನೀತಿ ಓದನ್ನು ಬಯಸಿತು, ಪರೀಕ್ಷೆ ಬರಹವನ್ನು ಕೇಳಿತು. ನಡುವಿನ ಕಂದಕವನ್ನು ಗೈಡು, ನೋಟ್ಸು, ಬಾಯಿಪಾಠ ತುಂಬಿದವು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ನಡೆಸಿದ ‘ಬೆಂಗಳೂರು ಯೋಜನೆ’ ಶಾಲೆಗಳಲ್ಲಿ ಬೇರೊಂದು ದಾರಿ ತೋರಿಸಿತು: ನಕ್ಷೆ, ವೇಳಾಪಟ್ಟಿಗಳ ಸಮಸ್ಯೆ ಬಿಡಿಸುತ್ತ ಅರ್ಥದ ಕಡೆ ಗಮನವಿಟ್ಟರೆ ಭಾಷೆ ಹಿಂಬಾಲಿಸುತ್ತದೆ ಎಂಬ ದಾರಿ. ಕಾಲೇಜುಗಳ ‘ಪರಿಹಾರ ಬೋಧನೆ’ ಮಾತ್ರ ಹೆಚ್ಚಾಗಿ ಕಾಲ, ವಚನ, ಪದಕ್ರಮಗಳ ಅಭ್ಯಾಸವಾಗಿಯೇ ಉಳಿಯಿತು.

ಇಂಥ ವ್ಯಾಕರಣ ಅಭ್ಯಾಸವಷ್ಟೇ ಸಾಲದು ಎಂಬುದಕ್ಕೆ ಹೊರಗಿನ ಅನುಭವವೂ ಪೂರಕ. ನ್ಯೂಯಾರ್ಕಿನ ಸಿಟಿ ವಿಶ್ವವಿದ್ಯಾಲಯ 1970ರಲ್ಲಿ ಎಲ್ಲರಿಗೂ ಪ್ರವೇಶ ತೆರೆದಾಗ ಬಂದ ಉತ್ತರಪತ್ರಿಕೆಗಳನ್ನು ಪರಿಶೀಲಿಸಿದ ಅಲ್ಲಿನ ಅಧ್ಯಾಪಕಿ ಮೀನಾ ಶಾನೆಸ್ಸಿ, ತಪ್ಪುಗಳ ಹಿಂದೆ ತರ್ಕವಿದೆ ಎಂದು 1977ರಲ್ಲಿ ತೋರಿಸಿದರು. ಕನ್ನಡಿಗರ ಬರಹಕ್ಕೂ ಇದು ಸಲ್ಲುತ್ತದೆ. ‘ಬೆಳಿಗ್ಗೆ ಎದ್ದು, ಹೊಲಕ್ಕೆ ಹೋಗಿ, ನೀರು ಕಟ್ಟಿ ಬಂದ’ ಎಂದು ಕ್ರಿಯೆಗಳನ್ನು ಪೋಣಿಸಿ ಕೊನೆಗೊಂದು ಕ್ರಿಯಾಪದದಿಂದ ಮುಗಿಸುವುದು ಕನ್ನಡದಲ್ಲಿ ಸಹಜ; ಇಂಗ್ಲಿಷಿನಲ್ಲಿ ಅದೇ ಅಲ್ಪವಿರಾಮಗಳಿಂದ ಅಂಟಿಸಿದ, ಮುಗಿಯದ ವಾಕ್ಯವಾಗುತ್ತದೆ. ಕೆಂಪು ಗೆರೆ ಎಳೆದರೆ ಆ ವಾಕ್ಯ ಸರಿಹೋದೀತು. ಎರಡೂ ಭಾಷೆ ವಾಕ್ಯ ಕಟ್ಟುವ ಬಗೆಯನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಮುಂದಿನ ನೂರು ವಾಕ್ಯಗಳನ್ನು ವಿದ್ಯಾರ್ಥಿ ತಾನೇ ತಿದ್ದಿಕೊಳ್ಳಬಲ್ಲ.

ಹೀಗೆ ವಿದ್ಯಾರ್ಥಿಯ ಮನೆಮಾತನ್ನು ಆಧಾರವಾಗಿಟ್ಟು ಇಂಗ್ಲಿಷ್ ಬರವಣಿಗೆ ಕಲಿಸುವುದಕ್ಕೆ ಆಕ್ಷೇಪಗಳಿವೆ. ತರಗತಿಯಲ್ಲಿ ಕನ್ನಡ ಬಂದರೆ ಇಂಗ್ಲಿಷ್ ಅಭ್ಯಾಸ ಕುಗ್ಗುತ್ತದೆ ಎಂಬುದು ಮೊದಲನೆಯದು. ಆದರೆ ಇಲ್ಲಿ ಕನ್ನಡ ಬಳಕೆಯಾಗುವುದು ವಾಕ್ಯರಚನೆ ಹೋಲಿಸುವ, ವಿಷಯ ಜೋಡಿಸುವ, ವಾದ ಒರೆಗೆ ಹಚ್ಚುವ ಹಂತದಲ್ಲಿ. ಕರಡು ಬರೆಯುವುದು, ತಿದ್ದುವುದು ಇಂಗ್ಲಿಷಿನಲ್ಲೇ. ಎರಡನೆಯದು ಹೆಚ್ಚು ಗಟ್ಟಿ: ಎಲ್ಲರ ಮನೆಮಾತೂ ಕನ್ನಡವಲ್ಲ. ಚಾಮರಾಜನಗರ ಜಿಲ್ಲೆಯಲ್ಲೇ ಹನೂರು ತಾಲ್ಲೂಕಿನ ಮಾರ್ಟಳ್ಳಿಯಲ್ಲಿ ತಮಿಳರಿದ್ದಾರೆ, ಒಡೆಯರಪಾಳ್ಯದಲ್ಲಿ ಟಿಬೆಟನ್ನರಿದ್ದಾರೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ತಮ್ಮದೇ ನುಡಿಯಿದೆ. ಇವರಲ್ಲಿ ಅನೇಕರಿಗೆ ಇಂಗ್ಲಿಷ್ ಎರಡನೆಯದಲ್ಲ, ಮೂರನೆಯ ಭಾಷೆ. ಆದ್ದರಿಂದ ಆಧಾರವಾಗಬೇಕಾದದ್ದು ಆಯಾ ವಿದ್ಯಾರ್ಥಿ ಚೆನ್ನಾಗಿ ಯೋಚಿಸಬಲ್ಲ ಭಾಷೆ. ಬರವಣಿಗೆ ಕಲಿಸುವುದು ಶಾಲೆಯ ಕೆಲಸ ಎಂಬ ಮೂರನೆಯ ಆಕ್ಷೇಪವೂ ನಿಲ್ಲದು: ಇತಿಹಾಸದ ವಾದ, ರಸಾಯನಶಾಸ್ತ್ರದ ವರದಿ ಶಾಲೆಯಲ್ಲಿ ಬರೆಯುವಂಥವಲ್ಲ, ಅವುಗಳ ರೀತಿಯನ್ನು ಆಯಾ ವಿಭಾಗದ ಅಧ್ಯಾಪಕರೇ ಬಲ್ಲರು. 2022–23ರಲ್ಲಿ ರಾಜ್ಯ ಸ್ಥಾಪಿಸಿದ ಹೊಸ ವಿಶ್ವವಿದ್ಯಾಲಯಗಳಲ್ಲಿ ಚಾಮರಾಜನಗರದ್ದೂ ಒಂದು. ಇಂಥ ಸಂಸ್ಥೆಗಳು ಬರವಣಿಗೆಯ ನೆರವನ್ನು ಇಂಗ್ಲಿಷ್ ವಿಭಾಗದ ಹೆಚ್ಚುವರಿ ತರಗತಿಗೆ ಬಿಡದೆ ಪ್ರತಿ ವಿಷಯದ ಪಾಠದೊಳಗೇ ಸೇರಿಸಿದರೆ, ಹೊಸ ಹುದ್ದೆಗಳಿಗೆ ಕಾಯದೆಯೂ ಕೆಲಸ ಆರಂಭವಾಗಬಲ್ಲದು.