ಗ್ರಹಣ: ಹಿಡಿದು ಬಿಡುವ ಮಾತು

2025ರ ಸೆಪ್ಟೆಂಬರ್ 7ರ ರಾತ್ರಿ ಹತ್ತು ಗಂಟೆಯ ಹೊತ್ತು. ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೆವು. ಅಮ್ಮ ಹಾಲಿನ ಪಾತ್ರೆಗೆ, ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕಿಯೇ ಮೇಲೆ ಬಂದಿದ್ದಳು. ಮೋಡ ಸರಿದಾಗ ಹುಣ್ಣಿಮೆಯ ಚಂದ್ರನ ಅಂಚು ಮಸಿ ತಾಗಿದಂತೆ ಮಂಕಾಗಿತ್ತು. ‘ಹಿಡೀತು ನೋಡು’ ಅಂದಳು. ಏನು ಹಿಡಿಯಿತೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಕನ್ನಡದಲ್ಲಿ ಅಷ್ಟು ಸಾಕು.

ಗ್ರಹಣ ಎಂದರೇ ಹಿಡಿಯುವುದು. ಸಂಸ್ಕೃತದ ‘ಗ್ರಹ್’ ಧಾತುವಿನಿಂದ ಬಂದದ್ದು. ನಾವು ಅದಕ್ಕೆ ನಮ್ಮ ಮನೆಮಾತಿನ ‘ಹಿಡಿ’ಯನ್ನೂ ‘ಬಿಡು’ವನ್ನೂ ಕಟ್ಟಿದೆವು. ಗ್ರಹಣ ಹಿಡಿಯಿತು, ಗ್ರಹಣ ಬಿಟ್ಟಿತು. ಪಂಚಾಂಗವೂ ಸ್ಪರ್ಶಕಾಲ, ಮಧ್ಯಕಾಲ ಬರೆದು ಸುಮ್ಮನಾಗುವುದಿಲ್ಲ. ಮೋಕ್ಷಕಾಲವನ್ನೂ ನಿಮಿಷದ ಲೆಕ್ಕದಲ್ಲಿ ಕೊಡುತ್ತದೆ.

ಈ ಮಾತಿನ ಬಳಗ ದೊಡ್ಡದು. ಮದುವೆಯಲ್ಲಿ ಕೈ ಹಿಡಿದರೆ ಪಾಣಿಗ್ರಹಣ. ಓದಿದ್ದು ಮನಸ್ಸಿಗೆ ಹತ್ತಿದರೆ ಗ್ರಹಿಕೆ. ಹಳ್ಳಿಯಲ್ಲಿ ಕಷ್ಟಕ್ಕೆ ಸಿಕ್ಕವರು ಹಣೆ ಚಚ್ಚಿಕೊಂಡು ಅನ್ನುವ ‘ಗ್ರಾಚಾರ’ವೂ ಗ್ರಹಚಾರವೇ. ಕ್ಯಾಮೆರಾ ಬಂದಾಗ ಛಾಯಾಗ್ರಹಣ ಎಂಬ ಮಾತು ಹುಟ್ಟಿತು. ನೆರಳನ್ನು ನಾವು ಹಿಡಿದರೆ ಅದು ಛಾಯಾಗ್ರಹಣ, ನೆರಳು ಚಂದ್ರನನ್ನು ಹಿಡಿದರೆ ಚಂದ್ರಗ್ರಹಣ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳೇ ಎಂದು ಆರ್ಯಭಟ 499ರಷ್ಟು ಹಿಂದೆಯೇ ಬರೆದಿಟ್ಟ.

ನಮ್ಮ ನಾಡಿನ ಕಲ್ಲುಗಳಲ್ಲೂ ಈ ಮಾತು ಕೂತಿದೆ. ‘ಸೋಮಗ್ರಹಣ’ದಂದು ಭೂಮಿಯನ್ನೋ ಊರನ್ನೋ ದಾನ ಬಿಟ್ಟ ಶಾಸನಗಳು ಕರ್ನಾಟಕದ ಉದ್ದಗಲಕ್ಕೂ ಸಿಗುತ್ತವೆ. ಆಕಾಶದ ಲೆಕ್ಕ ತಪ್ಪುವುದಿಲ್ಲವಾದ್ದರಿಂದ, ಆ ಒಂದು ಮಾತನ್ನು ಹಿಡಿದು ವಿದ್ವಾಂಸರು ಶಾಸನದ ದಿನವನ್ನೇ ಗೊತ್ತುಮಾಡುತ್ತಾರೆ. ಹಿರಿಯರ ಪಾಲಿಗೆ ಗ್ರಹಣ ಕೊಡುವ ಹೊತ್ತೂ ಆಗಿತ್ತು.

ಈಗ ಪತ್ರಿಕೆ ಬಿಡಿಸಿದರೆ ‘ಸೇತುವೆ ಕಾಮಗಾರಿಗೆ ಗ್ರಹಣ’, ‘ನೇಮಕಾತಿಗೆ ಗ್ರಹಣ’. ವರ್ಷಗಟ್ಟಲೆ ನಿಂತುಹೋದದ್ದಕ್ಕೆಲ್ಲ ಇದೇ ಹೆಸರು. ನನಗಿದು ಒಪ್ಪಿಗೆಯಾಗುವುದಿಲ್ಲ. ಗ್ರಹಣ ಹಿಡಿಯುವ ಮೊದಲೇ ಬಿಡುವ ಹೊತ್ತು ಗೊತ್ತಿರುತ್ತದೆ. ಬಿಡುವ ಹೊತ್ತೇ ಇಲ್ಲದ್ದು ಗ್ರಹಣವಲ್ಲ, ಮನುಷ್ಯರ ಅಸಡ್ಡೆ. ಅದಕ್ಕೆ ಅದರದೇ ಹೆಸರಿರಲಿ.

ಆ ರಾತ್ರಿ ಹನ್ನೊಂದರ ಹೊತ್ತಿಗೆ ಚಂದ್ರ ಪೂರ್ತಿ ನೆರಳೊಳಗಿದ್ದ. ಆದರೂ ಕಪ್ಪಾಗಲಿಲ್ಲ, ಹುಣಸೆಹಣ್ಣು ಹಾಕಿ ತಿಕ್ಕದೆ ಬಹಳ ದಿನ ಬಿಟ್ಟ ತಾಮ್ರದ ಹಂಡೆಯಂತೆ ಕಂದುಗೆಂಪಾದ. ಭೂಮಿಯ ಗಾಳಿಪದರವನ್ನು ಹಾಯ್ದ ಬಿಸಿಲಿನಲ್ಲಿ ನೀಲಿ ಚದುರಿಹೋಗಿ, ಉಳಿದ ಕೆಂಪು ಬಾಗಿ ಚಂದ್ರನನ್ನು ಮುಟ್ಟುತ್ತದೆ. ಆ ಗಳಿಗೆಯಲ್ಲಿ ಭೂಮಿಯ ಸುತ್ತಲೂ ಎಲ್ಲೆಲ್ಲಿ ಬೆಳಗಾಗುತ್ತಿದೆಯೋ, ಎಲ್ಲೆಲ್ಲಿ ಸಂಜೆಯಾಗುತ್ತಿದೆಯೋ, ಆ ಕೆಂಪೆಲ್ಲ ಸೇರಿ ಅವನ ಮೇಲೆ ಬಿದ್ದಿರುತ್ತದೆ. 82 ನಿಮಿಷ ಹಾಗೇ ಇದ್ದ. ಮೋಡ ಕವಿದಾಗ ಕಾದೆವು, ಸರಿದಾಗ ಎದ್ದು ನಿಂತೆವು. ಹನ್ನೆರಡೂ ಇಪ್ಪತ್ಮೂರರ ನಂತರ ಅಂಚಿನಲ್ಲಿ ಬಿಳಿಯ ಗೆರೆ ಮೂಡಿತು. ‘ಬಿಡ್ತಾ ಇದೆ’ ಎಂದು ಅಮ್ಮ ಕೆಳಗಿಳಿದು ಸ್ನಾನಕ್ಕೆ ನೀರು ಕಾಯಿಸಲು ಹೋದಳು. ಅವಳ ದರ್ಭೆಗೂ ನನ್ನ ಲೆಕ್ಕಕ್ಕೂ ನಡುವೆ ಜಗಳವಾಗಲಿಲ್ಲ. ಅವಳೂ ಕಣ್ಣಾರೆ ನೋಡಿದ್ದಳಲ್ಲ, ನನಗೆ ಅದೇ ದೊಡ್ಡದು.

ಚಂದ್ರಗ್ರಹಣ ನೋಡಲು ಕನ್ನಡಕ ಬೇಡ, ದೂರದರ್ಶಕ ಬೇಡ; ಬರಿಗಣ್ಣು ಸಾಕು, ಅಪಾಯವಿಲ್ಲ. 2028ರ ಡಿಸೆಂಬರ್ 31ರ ರಾತ್ರಿ ನಮ್ಮ ಆಕಾಶದಲ್ಲಿ ಮತ್ತೊಂದು ಪೂರ್ಣ ಚಂದ್ರಗ್ರಹಣವಿದೆ. ಹೊಸ ವರ್ಷಕ್ಕೆ ಕಾಯುತ್ತ ಹೇಗೂ ಎಚ್ಚರವಿರುತ್ತೀರಿ. ಮನೆಯ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ತಾರಸಿಗೆ ಹತ್ತಿ.