ಅಳತೆಯ ಕಥೆ – 7: ರಿಪೋರ್ಟಿನಲ್ಲಿ ಕಾಣದ ಸುಸ್ತು

ಹಿಂದಿನ ಕಂತುಗಳಲ್ಲಿ ಸೇರು, ಪಾವು, ಕೊಳಗದ ಕಥೆ ಓದಿದ್ರಿ. ಈ ಸಲ ಯಾವ ಕೊಳಗಕ್ಕೂ ಸಿಗದ ಒಂದು ಸಂಗತಿ: ಕಾಯಿಲೆಯವರ ದಿನ ಹೇಗೆ ಕಳೀತದೆ ಅನ್ನೋದು.

ಫೋಟೋದಲ್ಲಿರೋದು ನಮ್ಮ ಸೋದರಮಾವನ ಫೈಲು. ಹೆಮ್ಮರಗಾಲದಿಂದ ನಂಜನಗೂಡು ದಾಟಿ ಮೈಸೂರಿಗೆ ಬಸ್ಸಲ್ಲಿ ಹೋಗಿ ಬಂದು ದಪ್ಪವಾದ ಫೈಲು. ಹೆಪಟೈಟಿಸ್ ಬಿ ಇಂದ ಲಿವರ್ ಗಟ್ಟಿಯಾಗಿತ್ತು, ಅಂದ್ರೆ ಸಿರೋಸಿಸ್. ಒಂದು ಸಲ ರಿಪೋರ್ಟ್ ನೋಡಿ "ಪರವಾಗಿಲ್ಲ, ಸುಧಾರಿಸಿದೆ" ಅಂದ್ರಂತೆ. ಮನೆಗೆ ಬಂದ ಮಾವ ಜಗಲಿ ಮೇಲೆ ಕೂತು ಹೇಳಿದ್ದು: "ಒಳ್ಳೇದಾಗದಂತೆ ಕಣ್ ಮಗ. ಆದ್ರೆ ಗದ್ದೆ ತಂಕ ನಡಿಯಕ್ಕೇ ಆಗ್ತಾ ಇಲ್ವಲ್ಲ."

ಯಾರ ಮಾತು ಸರಿ? ಎರಡೂ ಸರಿ. ಯಾಕೆ ಅಂತ ತಿಳಿಯೋಕೆ ಸ್ವಲ್ಪ ಹಿಂದೆ ಹೋಗಬೇಕು.

1964ರಲ್ಲಿ ಅಮೆರಿಕದ ಚೈಲ್ಡ್ ಮತ್ತು ಟರ್ಕಾಟ್ ಅನ್ನೋ ಇಬ್ಬರು ಸರ್ಜನ್‌ಗಳು ಲಿವರ್ ರೋಗಿಗಳನ್ನ ಎ, ಬಿ, ಸಿ ಅಂತ ಮೂರು ದರ್ಜೆ ಮಾಡಿದರು. ಅವರ ಪ್ರಶ್ನೆ ಒಂದೇ: ಆಪರೇಷನ್ ಮಾಡಿದ್ರೆ ಈ ರೋಗಿ ಬದುಕ್ತಾನಾ? ಅದಕ್ಕೆ ನೋಡಿದ್ದು ಐದು ಅಂಶ: ಬಿಲಿರುಬಿನ್, ಆಲ್ಬುಮಿನ್, ಹೊಟ್ಟೆಯಲ್ಲಿ ನೀರು, ಮಂಕು ಕವಿಯೋದು, ಪೋಷಣೆ. 1973ರಲ್ಲಿ ಲಂಡನ್ನಿನ ಪ್ಯೂ ಮತ್ತು ಸಂಗಡಿಗರು ಪೋಷಣೆಯನ್ನ ತೆಗೆದು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನ ಸೇರಿಸಿದರು. ಲೆಕ್ಕ ಚೊಕ್ಕವಾಯ್ತು. ಇವತ್ತಿಗೂ ಡಾಕ್ಟರುಗಳು ಬಳಸೋದು ಇದನ್ನೇ. ಆದರೆ ಈ ಐದರಲ್ಲಿ ಒಂದು ಕಡೆಯೂ "ನಿಮಗೆ ಹೇಗನ್ನಿಸ್ತಿದೆ?" ಅನ್ನೋ ಪ್ರಶ್ನೆ ಇಲ್ಲ.

ಆ ಪ್ರಶ್ನೆ ಬೇರೆ ದಾರಿಯಿಂದ ಬಂತು. 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೀವನದ ಗುಣಮಟ್ಟ ಅಳೆಯುವ ಪ್ರಶ್ನಾವಳಿಗೆ ಕೈ ಹಾಕಿತು. ಒಂದು ದೇಶದಲ್ಲಿ ಬರೆದು ಉಳಿದವರಿಗೆ ಅನುವಾದಿಸೋದು ಬೇಡ ಅಂತ ಹಲವು ದೇಶಗಳಲ್ಲಿ ಒಟ್ಟಿಗೇ ಕಟ್ಟಿದರು. ನಮ್ಮ ದೇಶದಿಂದ ದೆಹಲಿ, ಚೆನ್ನೈ ಇದ್ದವು. ಅದರ 26 ಪ್ರಶ್ನೆಗಳ ಚಿಕ್ಕ ರೂಪ ಇವತ್ತು ಕನ್ನಡದಲ್ಲೂ ಇದೆ.

ಲಿವರ್‌ಗೆಂದೇ ಒಂದು ಪ್ರಶ್ನಾವಳಿ ಬಂದದ್ದು 1999ರಲ್ಲಿ. ಝೊಬೇರ್ ಯೂನೊಸಿ ಮತ್ತು ಸಂಗಡಿಗರು ಮೊದಲು 60 ರೋಗಿಗಳನ್ನೂ 20 ತಜ್ಞರನ್ನೂ ಕೇಳಿ 156 ತೊಂದರೆಗಳ ಪಟ್ಟಿ ಮಾಡಿದರು. ಸೋಸಿ ಸೋಸಿ ಉಳಿದದ್ದು 29 ಪ್ರಶ್ನೆ. ಕಳೆದ ಎರಡು ವಾರದಲ್ಲಿ ಎಷ್ಟು ಸಲ ಸುಸ್ತಾಯ್ತು? ನವೆ ಇತ್ತಾ? ರಾತ್ರಿ ನಿದ್ದೆ ಬಂತಾ? ನನ್ನ ಕಾಯಿಲೆಯಿಂದ ಮನೆಯವರಿಗೆ ಏನಾಗ್ತದೋ ಅನ್ನೋ ಚಿಂತೆ ಕಾಡ್ತಾ? ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಅಂಕ ಹಾಕೋದು ಡಾಕ್ಟರಲ್ಲ, ರೋಗಿ.

1964ರಿಂದ 1999. ಮಧ್ಯೆ 35 ವರ್ಷ.

ಮಾವನಿಗೆ ಈ 29 ಪ್ರಶ್ನೆ ಯಾರೂ ಕೇಳಲಿಲ್ಲ. ಕೇಳಿದ್ರೂ ಒಂದು ಸಂಕಟ ಅದರಲ್ಲಿ ಸಿಗ್ತಿರಲಿಲ್ಲ. ಜೀವಮಾನದಲ್ಲಿ ಹೆಂಡ ಮುಟ್ಟದವರು ಅವರು. ಆದ್ರೂ ಲಿವರ್ ಅಂದ ಕೂಡಲೇ ಬೀದೀಲಿ "ಕುಡ್ದು ಕುಡ್ದು ಹಿಂಗಾಯ್ತು" ಅನ್ನೋ ಮಾತು. ಹೆಪಟೈಟಿಸ್ ಬಿ, ಸಿ, ಲಿವರಿನ ಕೊಬ್ಬು ಇವೆಲ್ಲದರಿಂದಲೂ ಸಿರೋಸಿಸ್ ಬರ್ತದೆ ಅಂತ ಎಷ್ಟು ಜನಕ್ಕೆ ಗೊತ್ತು? ಆ ಮಾತಿಗೆ ಹೆದರಿ ಮಾವ ಮದುವೆ ಊಟದ ಪಂಕ್ತಿಗೆ ಹೋಗೋದೇ ಬಿಟ್ಟರು.

ರಕ್ತಪರೀಕ್ಷೆ ಬೇಡ ಅಂತ ನಾನು ಹೇಳ್ತಿಲ್ಲ. ಜೀವ ಉಳಿಸೋ ಲೆಕ್ಕ ಅದು, ಬೇಕೇ ಬೇಕು. ಆದರೆ ಉಳಿದ ಜೀವ ಹೇಗಿದೆ ಅನ್ನೋ ಲೆಕ್ಕ ಇರೋದು ರೋಗಿಯ ಹತ್ತಿರ ಮಾತ್ರ.

ನಿಮ್ಮ ಮನೇಲೂ ಇಂಥ ಫೈಲು ಇದ್ರೆ, ಮುಂದಿನ ಸಲ ಆಸ್ಪತ್ರೆಗೆ ಹೋಗೋ ಮುಂಚೆ ಅವರ ಪಕ್ಕ ಕೂತು ಕೇಳಿ: ನಿದ್ದೆ ಹೆಂಗದೆ, ನವೆ ಹೆಂಗದೆ, ಯಾವ ಕೆಲಸ ಆಗ್ತಿಲ್ಲ, ಏನು ಚಿಂತೆ? ಒಂದು ಚೀಟಿಯಲ್ಲಿ ಬರೆದು ರಿಪೋರ್ಟಿನ ಮೇಲೇ ಪಿನ್ ಮಾಡಿ ಡಾಕ್ಟರಿಗೆ ಕೊಡಿ.

ನಾನು ಅದನ್ನ ಮಾಡಿದ್ದು ತಡವಾಗಿ. ನೀವು ತಡ ಮಾಡಬೇಡಿ.

#ಅಳತೆಯಕಥೆ #ಹೆಮ್ಮರಗಾಲ #ನಂಜನಗೂಡು